ಭಾಲ್ಕಿಯ ಕಾಟಾದ ಮೇಲೆ ಸೂಟ್‌ಕೇಸ್

ವಿಮಾನ, ವೀಸಾ, ಅಲ್ಲಿನ ಹಡಗು ವಿಹಾರ ಅಂತ ನರ್ಸ್ ಕೆಲಸದಲ್ಲಿ ಕೂಡಿಟ್ಟಿದ್ದೆಲ್ಲ ಯುರೋಪ್ ಪ್ರವಾಸಕ್ಕೆ ಸುರಿದಾಯಿತು. ಸೂಟ್‌ಕೇಸ್ ಇಪ್ಪತ್ಮೂರು ಕಿಲೋ ದಾಟಿದರೆ ವಿಮಾನದವರಿಗೆ ದಂಡ ಕಟ್ಟಲು ಇನ್ನು ಏನೂ ಉಳಿದಿಲ್ಲ. ಹೈದರಾಬಾದ್ ರೈಲಿಗೆಂದು ಭಾಲ್ಕಿಗೆ ಬಂದವಳು, ಅಪ್ಪ ತಾನು ಬೆಳೆದ ತೊಗರಿ ಮಾರುತ್ತಿದ್ದ ಸಾವಕಾರನ ಅಂಗಡಿಗೆ ತೂಗಿಸಲು ಹೋದೆ. ಬರಕ್ಕೆ ಹಮಾಲರೆಲ್ಲ ಪುಣೆ ಸೇರಿದ್ದರಿಂದ ಸಾವಕಾರನೇ ತೂಕದ ಕಾಟಾದ ಮೇಲಿಟ್ಟು ತೂಗಿದ.

"ಬರಾಬ್ಬರಿ ಇಪ್ಪತ್ಮೂರು ಅದರಿ, ಸಿಸ್ಟರ್."

"ಕಾಟಾ ಇಪ್ಪತ್ತೈದು ತೋರಸ್ತದಲ್ರಿ?"

"ತೊಗರಿ ತೂಗುವಾಗ ತೆಗದಂಗ ಚೀಲದ್ದು ಎರಡು ಕಿಲೋ ತೆಗದು ಹೇಳಿದೆ. ರೂಢಿ ಆಗ್ಯಾದ್ರಿ."

ಸೂಟ್‌ಕೇಸ್ ಇಳಿಸಿ, ಮೂಲೆಯಲ್ಲಿದ್ದ ಖಾಲಿ ಗೋಣಿಚೀಲ ಎತ್ತಿ ಕಾಟಾದ ಮೇಲೆ ಒಗೆದೆ. ಒಂದು ಕಿಲೋ ಕೂಡ ತೂಗಲಿಲ್ಲ.

"ಉಳಿದದ್ದು ಇಷ್ಟು ವರ್ಷ ಯಾರ ಹೊಟ್ಟಿಗಿ ಹೋಯ್ತ್ರಿ?"

ಅವನು ನನ್ನ ಮುಖ ನೋಡಲಿಲ್ಲ. "ಸಿಟ್ಟಾಗಬ್ಯಾಡ್ರಿ, ಚಹಾ ತರಸ್ತೇನಿ" ಎಂದ.

ಅಪ್ಪನಿಗೂ ಪ್ರತಿ ಸುಗ್ಗಿಗೆ ಚಹಾ ಕುಡಿಸಿ ಕಳಿಸುತ್ತಿದ್ದ. ಸಾವಕಾರ ಎಂಥ ಒಳ್ಳೆಯ ಮನುಷ್ಯ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಬರುತ್ತಿದ್ದ.