ಒಂದು, ಮೂರು, ಎರಡು, ನಾಲ್ಕು

ಮಗ್ಗದ ಟೀಚರ್ ಅವರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಜಾರದಿರಲೆಂದು ಬೂದಿ ಮುಟ್ಟಿಕೊಂಡು ಎಳೆಗೆ ಎಳೆ ಹೊಸೆದು ಹೊಸೆದು ತುದಿ ನುಣ್ಣಗಾಗಿತ್ತು. ಬೆಳ್ಮಣ್ಣಿನ ರೇಷನ್ ಅಂಗಡಿಯ ಯಂತ್ರ ಅದನ್ನು ಒಪ್ಪುತ್ತಲೇ ಇರಲಿಲ್ಲ. "ನಾನು ನಾನೇ ಅಂತ ಈ ಡಬ್ಬಿಗೆ ಎಂತ ಹೇಳುವುದು ಮಾರಾಯ?" ಎಂದು ಅಂಗಡಿಯವನ ಮೇಲೆ ರೇಗುತ್ತಿದ್ದರು.

ನನ್ನ ಗಂಡ ನಿಟ್ಟೆಗೆ ಗಾರೆ ಕೆಲಸಕ್ಕೆಂದು ಬಂದವನು. ಬಾಗಲಕೋಟೆ ಕಡೆಯ ನನಗೆ ತುಳು ಬಾರದು. ನೇಕಾರರ ಸೊಸೈಟಿಯಲ್ಲಿ ನೇಯ್ಗೆ ಕಲಿಯಲು ಸೇರಿದ ನನ್ನೊಬ್ಬಳಿಗಾಗಿ ಟೀಚರ್ ಕನ್ನಡದಲ್ಲಿ ಬೈಯುತ್ತಿದ್ದರು. ಬೈಗುಳವೂ ಪಾಠದಷ್ಟೇ ಸ್ಪಷ್ಟವಾಗಿರುತ್ತಿತ್ತು.

ನಮ್ಮ ಮಗ್ಗಕ್ಕೆ ನಾಲ್ಕು ಚೌಕಟ್ಟು, ಅವುಗಳ ತುಂಬ ದಾರದ ಕಣ್ಣುಗಳು. ಯಾವ ಎಳೆ ಯಾವ ಚೌಕಟ್ಟಿನ ಕಣ್ಣಿಗೆ ಹೋಗಬೇಕೆಂಬ ಕ್ರಮವೇ ಡ್ರಾಫ್ಟ್. ಒಂದು, ಮೂರು, ಎರಡು, ನಾಲ್ಕು, ಮತ್ತೆ ಒಂದು. ಒಂದೆಳೆ ತಪ್ಪಿದರೂ ಸೀರೆಯುದ್ದಕ್ಕೂ ಗೀರು ಬೀಳುತ್ತದೆ. ಹಿಂದೆ ಕುಳಿತವಳು ಎಳೆ ಕೊಡಬೇಕು, ಮುಂದೆ ಕುಳಿತವಳು ಕೊಕ್ಕೆಯಿಂದ ಎಳೆದುಕೊಳ್ಳಬೇಕು. ಮಾತಾಡುವ ಹಾಗಿಲ್ಲ.

ಹೃದಯದ ಆಪರೇಷನ್‌ಗೆ ಟೀಚರ್ ಮಣಿಪಾಲಕ್ಕೆ ಹೊರಡುವ ಮುನ್ನಾದಿನ ನನ್ನ ಮಗ್ಗದ ಕಣ್ಣುಗಳಲ್ಲಿದ್ದ ಎಳೆಗಳನ್ನೆಲ್ಲ ಇಲಿ ಕಡಿದು ಹಾಕಿತ್ತು. ಹೊಸದಾಗಿ ಡ್ರಾಫ್ಟ್ ಹಾಕಲು ಅವರನ್ನು ಬಿಟ್ಟರೆ ಯಾರಿಗೂ ಬಾರದು. ಅವರು ಹೋದರೆ ಮಗ್ಗ ನಿಂತಂತೆಯೇ. ಆ ಬೆಳಿಗ್ಗೆಯೇ ಟೀಚರ್ ಬಂದು ಕೊಕ್ಕೆ ಹಿಡಿದರು. ಕೈ ನಡುಗುತ್ತಿತ್ತು. ನಾನು ನೋಡದವಳಂತೆ ಎಳೆ ಕೊಡುತ್ತ ಹೋದೆ.

ಅರ್ಧ ದಾಟಿದ ಮೇಲೆ ಕಂಡೆ: ಒಂದು, ಮೂರು, ನಾಲ್ಕು. ಅವರಿಗೆ ತಪ್ಪು ತೋರಿಸಿದವರು ಯಾರೂ ಇರಲಿಲ್ಲ. ಎದೆ ಸೀಳಿಸಿಕೊಳ್ಳಲು ನಾಳೆ ಹೊರಡುವವರಿಗೆ ಇವತ್ತು ಇದನ್ನು ಹೇಗೆ ಹೇಳಲಿ? ಹೇಳದಿದ್ದರೆ ಗೀರು ಬಿದ್ದ ಸೀರೆ ಅವರ ಹೆಸರಲ್ಲೇ ಹೋಗುತ್ತದೆ. ಅವರ ಕೊಕ್ಕೆ ಮುಂದೆ ಮುಂದೆ ಹೋಗುತ್ತಲೇ ಇತ್ತು.

"ಟೀಚರ್, ಎರಡು ಬಿಟ್ಟು ನಾಕಕ್ಕ ಹೋತ್ರಿ."

ಅವರು ಆ ಎಳೆಯನ್ನು ಬೆರಳಿನಿಂದ ಎತ್ತಿ ನೋಡಿದರು. ಕಪಾಳಕ್ಕೆ ಬಿಗಿದಾರೆಂದು ನಾನು ಮುಖ ತಗ್ಗಿಸಿದೆ. ತಪ್ಪಿದ ಆ ಎಳೆಯವರೆಗೆ ಹಿಂದಕ್ಕೆ ಬಿಚ್ಚಿಕೊಂಡು ಬಂದರು. ಆಮೇಲೆ ಕೊಕ್ಕೆಯನ್ನು ನನ್ನ ಕಡೆ ಚಾಚಿ, "ಕಣ್ಣು ಉಂಟಲ್ವಾ ನಿನಗೆ? ಮುಂದೆ ಬಾ" ಎಂದರು.

ತಾವು ಹಿಂದೆ ಹೋಗಿ ಕುಳಿತು ಎಳೆ ಕೊಟ್ಟರು. ನಾನು ಎಳೆದುಕೊಂಡೆ. ಕೊಕ್ಕೆ ಎರಡು ಸಲ ಕಣ್ಣು ತಪ್ಪಿತು. "ಅವಸರ ಎಂತದು? ಬಸ್ಸು ಉಂಟಾ ನಿನಗೆ?" ಎಂದು ಬೈದರು. ಕತ್ತಲಾಗುವ ಮೊದಲು ಮುಗಿಯಿತು.

ಟೀಚರ್ ಮಣಿಪಾಲದಿಂದ ಜೀವಂತವಾಗಿ ಮರಳಲಿಲ್ಲ.

ಆ ಡ್ರಾಫ್ಟ್ ಇಂದಿಗೂ ನನ್ನ ಮಗ್ಗದಲ್ಲಿದೆ, ಅರ್ಧ ಅವರದು, ಅರ್ಧ ನನ್ನದು. ಉದ್ದೆಳೆಗಳ ಹಾಸು ಮುಗಿದಾಗ ಅದರ ತುದಿಯನ್ನು ಕಣ್ಣುಗಳಲ್ಲೇ ಉಳಿಸಿ, ಬೂದಿ ಮುಟ್ಟಿಕೊಂಡು ಹೊಸ ಎಳೆಗಳನ್ನು ಅದಕ್ಕೇ ಹೊಸೆಯುತ್ತೇನೆ. ಕತ್ತರಿಸಲು ಯಾರನ್ನೂ ಬಿಡುವುದಿಲ್ಲ.

ಮೊನ್ನೆ ರೇಷನ್ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿದೆ. ಯಂತ್ರ ಒಪ್ಪಲಿಲ್ಲ. ಒರೆಸಿಕೊಂಡು ಇನ್ನೊಮ್ಮೆ ಒತ್ತಿದೆ.

"ನಿಮ್ಮದೂ ಹೋಯಿತಾ ಅಕ್ಕ?" ಎಂದ ಅಂಗಡಿಯವ.

ಕ್ಯೂನಲ್ಲಿ ಅಷ್ಟು ಜನರ ಮುಂದೆಯೇ ನನಗೆ ಅಳು ಬಂತು.