ಬುರುಲಕ್ಕನ ಏಳನೇ ಸೂಜಿ

ನನ್ನ ಓರಗಿತ್ತಿ ಬುರುಲಕ್ಕ ನಮ್ಮ ಹಳ್ಳಿಗೇ ಎತ್ತರದ ಹೆಂಗಸು. ಅವಳು ಕಂಬಳಿ ಗುಡಾರದ ಬಾಗಿಲಲ್ಲಿ ತಲೆ ತಗ್ಗಿಸಿ ನುಗ್ಗುವಾಗ ಅವಳ ಗಂಡ ತುರ್ದಾಕುನ್ ಭಾವ, "ಒಂಟೆ ಬಂತು, ದಾರಿ ಬಿಡ್ರೋ" ಎಂದು ರೇಗಿಸುತ್ತಿದ್ದರು. ಈಗ ಅದೇ ಬಾಗಿಲಲ್ಲಿ ಅವಳು ತಲೆ ತಗ್ಗಿಸಬೇಕಾಗಿಯೇ ಇಲ್ಲ. ಅದಕ್ಕೆ ಕಾರಣ ನಾನು.

ಅರವತ್ತೆರಡನೇ ವಯಸ್ಸಿನಲ್ಲಿ ಅವಳು ಹಿಮದ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಳು. ಮೂಳೆಗಳು ಟೊಳ್ಳಾಗಿವೆ ಎಂದು ನರಿನ್ ಪೇಟೆಯ ಡಾಕ್ಟರ್ ಚೋಲ್ಪೋನ್ ಹೇಳಿದರು.

"ಎರಡು ದಾರಿ ಇದೆ. ಒಂದು, ವಾರಕ್ಕೊಂದು ಮಾತ್ರೆ. ಎದ್ದ ತಕ್ಷಣ ಖಾಲಿ ಹೊಟ್ಟೇಲಿ ಬರೀ ನೀರಲ್ಲಿ ನುಂಗ್ಬೇಕು. ಆಮೇಲೆ ಅರ್ಧ ಗಂಟೆ ಮಲಗೋ ಹಾಗಿಲ್ಲ, ಚಹಾ ಕುಡಿಯೋ ಹಾಗೂ ಇಲ್ಲ. ಇನ್ನೊಂದು, ಆರು ತಿಂಗಳಿಗೊಂದು ಸೂಜಿ. ಅದು ಸಲೀಸು. ಆದ್ರೆ ದಿನ ತಪ್ಪಿದ್ರೆ ಬೆನ್ನುಮೂಳೆ ಒಂದಾದ್ಮೇಲೊಂದು ಕುಸಿಯೋ ಭಯ ಇದೆ. ನಿಲ್ಲಿಸ್ಬೇಕು ಅನ್ಸಿದ್ರೂ ನನ್ನ ಕೇಳ್ದೆ ನಿಲ್ಲಿಸ್ಬೇಡಿ."

"ಮನೆಮಂದಿಗೆಲ್ಲ ಚಹಾ ಬಗ್ಗಿಸಿ ಕೊಟ್ಟು ನಾನು ಬಾಯಿ ಚಪ್ಪರಿಸ್ತಾ ಕೂರ್ಲಾ?" ಎಂದಳು ಬುರುಲಕ್ಕ. "ಸೂಜೀನೇ ಹಾಕಿ."

"ಸೂಜಿ ದಿನ ನಾನು ನೆನಪಿಟ್ಕೋತೀನಿ" ಎಂದು ದೊಡ್ಡದಾಗಿ ಹೇಳಿದವಳು ನಾನೇ. ಆರು ಸೂಜಿ ಒಂದೂ ತಪ್ಪಲಿಲ್ಲ. ಪ್ರತಿ ಸಲವೂ ಬಜಾರಿನಲ್ಲಿ ಮಾಂಸ ತುಂಬಿದ ಬಿಸಿ ಸಂಸಾ ತಿಂದು, ಊರವರನ್ನೆಲ್ಲ ಆಡಿಕೊಳ್ಳುತ್ತಾ ವ್ಯಾನಿನಲ್ಲಿ ಮನೆಗೆ ಬರುತ್ತಿದ್ದೆವು.

ಏಳನೆಯದು ಏಪ್ರಿಲ್‌ನಲ್ಲಿತ್ತು. ಅದಕ್ಕೆ ನಾಲ್ಕು ದಿನ ಮೊದಲು ಭಾವ ಕುದುರೆಗೆ ಹುಲ್ಲು ಹಾಕುತ್ತಿದ್ದವರು ಅಲ್ಲೇ ಕುಸಿದು ತೀರಿಕೊಂಡರು. ಬುರುಲಕ್ಕ ಕಪ್ಪು ಉಟ್ಟು, ಬಾಗಿಲಿಗೆ ಬೆನ್ನು ಹಾಕಿ ಕೂತು, ಬಂದವರೆದುರೆಲ್ಲ ಹಾಡಿಕೊಂಡು ಅತ್ತಳು. ನಲವತ್ತು ದಿನ ವಿಧವೆ ಹೊಸಿಲು ದಾಟುವಂತಿಲ್ಲ. ಆ ಕಟ್ಟಳೆ ಕಾಯುವ ಕೆಲಸ ನನ್ನದಾಯಿತು. ನನಗೋ ಅಧಿಕಾರವೆಂದರೆ ಮೊದಲಿನಿಂದಲೂ ಇಷ್ಟ.

ಎಂಟನೇ ದಿನ ಅವಳೇ ಮೆಲ್ಲಗೆ ಕೇಳಿದಳು. "ತಂಗಿ, ಸೂಜಿ ದಿನ ದಾಟ್ತಲ್ಲೇ?"

"ಸುಮ್ನಿರಕ್ಕ. ಭಾವನ ಮೇಲಿನ ಮಣ್ಣು ಇನ್ನೂ ಆರಿಲ್ಲ. ಈಗ ಪೇಟೆಗೆ ಹೊರಟ್ರೆ ನಾಲ್ಕು ಜನ ಏನಂತಾರೆ? ಮೂರು ವರ್ಷ ಹಾಕಿಸ್ಕೊಂಡಿದೀಯ, ಆ ಬಲ ಎಲ್ಲಿಗೆ ಹೋಗುತ್ತೆ?"

ಅವಳು ಮತ್ತೆ ಆ ಮಾತೆತ್ತಲಿಲ್ಲ. ನಲವತ್ತು ಮುಗಿಯುವಷ್ಟರಲ್ಲಿ ಕುರಿಗಳು ಬೆಟ್ಟದ ಹುಲ್ಲುಗಾವಲಿಗೆ ಹೊರಟವು, ಅವಳೂ ಹೊರಟಳು. ಕೆಳಗಿಳಿದ ಮೇಲೆ ನೋಡಿದರಾಯಿತು ಎಂದೆ. ಸೆಪ್ಟೆಂಬರಿನಲ್ಲಿ ಕುದುರೆ ಹಾಲಿನ ಬಕೀಟು ಎತ್ತಲು ಬಗ್ಗಿದವಳು ಒಂದೇ ಸಲ ಚೀರಿದಳು. ಬೀಳಲಿಲ್ಲ, ಎಡವಲಿಲ್ಲ. ಬೆನ್ನಿನ ಮೂರು ಮೂಳೆ ಕುಸಿದಿದ್ದವು.

ಡಾಕ್ಟರ್ ಬೆನ್ನಿನ ಎಕ್ಸ್-ರೇ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು.

"ಮತ್ತೆ ಅದೇ ಸೂಜಿ ಶುರು ಮಾಡ್ಬೇಕು. ದಿನಾ ಚುಚ್ಕೊಳ್ಳೋದೂ ಒಂದಿದೆ, ಯೋಚ್ನೆ ಮಾಡೋಣ. ಯಾವ್ದೂ ಕುಸಿದಿದ್ದನ್ನ ಎತ್ತಿ ನಿಲ್ಲಿಸಲ್ಲ. ಅಲ್ಲ, ಹೊರಗೆ ಬರೋ ಹಾಗಿಲ್ದಿದ್ರೆ ನಂಗೊಂದು ಫೋನ್ ಮಾಡ್ಬಾರ್ದಿತ್ತಾ? ನಿಮ್ಮ ಹಳ್ಳಿ ನರ್ಸ್ ಮನೆಗೇ ಬಂದು ಹಾಕ್ತಿದ್ಲಲ್ಲ!"

ನರ್ಸ್ ಅನಾರಾ ಆ ನಲವತ್ತು ದಿನವೂ ನಮ್ಮ ಮನೆಯಲ್ಲೇ ಇದ್ದಳು. ಬಂದವರ ಚಹಾ ಬಟ್ಟಲು ತೊಳೆಯುತ್ತಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ, ನನಗೆ ಆಗಲೂ ತಾನಾಗಿ ಬರಲಿಲ್ಲ, ಡಾಕ್ಟರ್ ಹೇಳಬೇಕಾಯಿತು.

"ಬೇಡ ಅಂದಿದ್ದು ಯಾರು?" ಎಂದರು ಡಾಕ್ಟರ್.

ಬೆನ್ನು ಬಾಗಿಹೋದ ಬುರುಲಕ್ಕನಿಗೆ ಮುಖ ಎತ್ತಲಾಗುತ್ತಿರಲಿಲ್ಲ. ನೆಲ ನೋಡುತ್ತಲೇ ಹೇಳಿದಳು. "ನಾನೇ ಡಾಕ್ಟ್ರೇ. ಪಾಪ, ಇವಳು ಬಾ ಬಾ ಅಂತ ದಿನಾ ಕರೀತಿದ್ಲು. ನಾನೇ ಹಟ ಮಾಡ್ದೆ."

ಡಾಕ್ಟರ್ ಅವಳನ್ನು ಚೆನ್ನಾಗಿ ಬೈದರು. ನಾನು ಪಕ್ಕದಲ್ಲಿ ನಿಂತು ಅಷ್ಟನ್ನೂ ಕೇಳಿಸಿಕೊಂಡೆ, ಬಾಯಿ ಬಿಡಲಿಲ್ಲ.