ಕರೆದೊಯ್ಯಲು ಬರುವವರು ಯಾರು?

ನನ್ನ ಮಗಳು ಇರಾಗೆ ಬೆಂಕಿಯೆಂದರೆ ಭಯವಿಲ್ಲ; ಸಾಲು ತಪ್ಪುವುದೆಂದರೆ ಭಯ. ಅವಳಿಗೆ ಆರು ವರ್ಷ. ಹೋದ ತಿಂಗಳು ಒಂದು ಭಾನುವಾರ ನಾನು ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿ ಅರೆಕ್ಷಣ ಬೇರೆಡೆ ನೋಡಿದೆ. ಸ್ಮೋಕ್ ಅಲಾರಂ ಕಿರುಚಿಕೊಂಡಿತು. ಈ ದೇಶದ ಎಲ್ಲ ಕನ್ನಡದ ಮನೆಗಳಲ್ಲಿ ಮಾಡುವಂತೆ ನಾನೂ ಸ್ಟೂಲು ಹತ್ತಿ ಟವೆಲಿನಿಂದ ಅದಕ್ಕೆ ಗಾಳಿ ಬೀಸತೊಡಗಿದೆ. ಅದು ಸುಮ್ಮನಾದ ಮೇಲೆ ತಿರುಗಿ ನೋಡಿದರೆ ಬಾಗಿಲು ತೆರೆದಿದೆ, ಮಗಳಿಲ್ಲ.

ಮೆಟ್ಟಿಲಿಳಿದು ಓಡಿದೆ. ಪಾರ್ಕಿಂಗ್ ಜಾಗದ ಅಂಚಿನ ಮರದ ಬುಡದಲ್ಲಿ, ಬರಿಗಾಲಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು ಸಾಲಿನಲ್ಲಿ ನಿಂತಿದ್ದಳು. ಹಿಂದೆ ಮುಂದೆ ಯಾರೂ ಇಲ್ಲ, ಅವಳೊಬ್ಬಳದೇ ಸಾಲು.

"ಅಮ್ಮಾ, ಯಾಕೆ ಬರ್ಲಿಲ್ಲ? ಐ ವಾಸ್ ವೇಟಿಂಗ್ ಫಾರ್ ಯು ಟು ಕೌಂಟ್ ಮಿ!"

ಎಣಿಸಿದೆ. ಒಂದು.

ಕೆಳಗಿನ ಮನೆಯ ಅಜ್ಜಿ ಕಿಟಕಿಯಿಂದ ನೋಡಿ ನಗುತ್ತಿದ್ದರು. ನಾನೂ ನಕ್ಕೆ. ಯೂನಿಯನ್ ಸಿಟಿಯ ಈ ಅಪಾರ್ಟ್‌ಮೆಂಟಿಗೆ ಬಂದ ಎರಡು ವರ್ಷದಿಂದ ನಮ್ಮಿಬ್ಬರ ನಡುವಿನ ವ್ಯವಹಾರ ಅಷ್ಟೇ. ಮಗಳ ಮನೆಯಲ್ಲಿದ್ದಾರೆ, ಹುಬ್ಬಳ್ಳಿ ಕಡೆಯವರು ಎಂಬುದು ಅವರು ಫೋನಿನಲ್ಲಿ ಮಾತಾಡುವುದನ್ನು ಕೇಳಿ ಗೊತ್ತು. ನನಗೆ ಮಾತಿಗಿಂತ ನಗು ಅನುಕೂಲ. ನಕ್ಕರೆ ಮುಂದಿನ ಪ್ರಶ್ನೆ ಹುಟ್ಟುವುದಿಲ್ಲ.

ಇಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ತಿಂಗಳಿಗೊಮ್ಮೆ, ಗಂಟೆಯಾದೊಡನೆ ಹೊರಬಂದು ಸಾಲಿನಲ್ಲಿ ನಿಂತು ಎಣಿಸಿಕೊಳ್ಳುವ ಬೆಂಕಿಯ ತಾಲೀಮು ಆಗಲೇಬೇಕೆಂದು ಕಾಯಿದೆಯಿದೆ. ಭೂಕಂಪದ್ದು ಬೇರೆ. ನಾನು ಓದಿದ ಮಂಡ್ಯದ ಶಾಲೆಯಲ್ಲಿ ಬೆಂಕಿಗೆ ಸಂಬಂಧಪಟ್ಟದ್ದು ಒಂದೇ ಒಂದು ವಸ್ತು: ಹೆಡ್‌ಮಾಸ್ಟರ ಕೋಣೆಯ ಹೊರಗೆ ತೂಗುಹಾಕಿದ್ದ, ಮರಳು ತುಂಬಿದ ಕೆಂಪು ಬಕೆಟ್ಟು. ಪೆನ್ಸಿಲಿನ ಸಿಪ್ಪೆ, ಕಡಲೆಕಾಯಿ ಸಿಪ್ಪೆ ಎಲ್ಲ ಅದಕ್ಕೇ. ಒಂದು ವರ್ಷ ಅದರಲ್ಲಿ ಟೊಮೆಟೊ ಗಿಡವೂ ಬಂದಿತ್ತು. ಇನ್ನು ಮನೆಯಲ್ಲಿ ಕೆಟ್ಟದ್ದೇನಾದರೂ ಬಾಯಿಗೆ ಬಂದರೆ ಅಜ್ಜಿ ತಕ್ಷಣ "ಬಿಡ್ತು ಅನ್ನು" ಎನ್ನುತ್ತಿದ್ದರು. ಬಿಡ್ತು ಎಂದರೆ ಮುಗಿಯಿತು, ಕೇಡು ಬಂದ ದಾರಿಯಲ್ಲೇ ಹಿಂದಿರುಗಬೇಕು. ಹೆಸರೆತ್ತದಿರುವುದೇ ನಮ್ಮ ಮುನ್ನೆಚ್ಚರಿಕೆ. ಇಲ್ಲಿಯವರು ಅದೇ ಕೇಡಿಗೆ ದಿನ ಗೊತ್ತುಮಾಡಿ, ಗಂಟೆ ಬಾರಿಸಿ, ಮಕ್ಕಳ ಕೈಯಲ್ಲಿ ಸ್ವಾಗತ ಮಾಡಿಸುತ್ತಾರೆ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ನಗು ನಿಂತದ್ದು ಕಳೆದ ವಾರ. ಭೂಕಂಪವಾದರೆ ಮಕ್ಕಳನ್ನು ಮನೆಯವರಿಗೆ ಒಪ್ಪಿಸುವುದು ಹೇಗೆಂಬುದರ ತಾಲೀಮಿತ್ತು. ಮುಕ್ಕಾಲು ಗಂಟೆ ದೂರದ ಎಮರಿವಿಲ್ಲಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋದೆ. ಒಂದು ಗೇಟಿನಲ್ಲಿ ಮಗುವನ್ನು ಕೇಳಬೇಕು, ಇನ್ನೊಂದು ಗೇಟಿನಲ್ಲಿ ಪಡೆಯಬೇಕು. ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ಒಬ್ಬ ತಾಯಿ ಮೇಜಿನ ಹಿಂದೆ, ನಾವು ವರ್ಷದ ಮೊದಲಲ್ಲೇ ತುಂಬಿಕೊಟ್ಟಿದ್ದ ಕಾರ್ಡುಗಳನ್ನು ಜೋಡಿಸಿಕೊಂಡು ಕೂತಿದ್ದಳು. ನನ್ನ ಕಾರ್ಡಿನಷ್ಟು ಚೊಕ್ಕವಾದದ್ದು ಇನ್ನೊಂದಿರಲಾರದೆಂಬ ಹೆಮ್ಮೆಯಲ್ಲಿ ಲೈಸೆನ್ಸು ಮುಂದೆ ಹಿಡಿದೆ. ಆಕೆ ನನ್ನ ಕಾರ್ಡು ತೆಗೆದಳು. ಅದರ ಮೇಲೆ ಹಳದಿ ಚೀಟಿ ಅಂಟಿಸಿತ್ತು.

"ಮೂರನೆಯ ಹೆಸರು ನಿಮ್ಮತ್ತೆಯದೇ? ಹತ್ತಿರದಲ್ಲಿದ್ದಾರಾ?"

"ಹಾಸನದಲ್ಲಿ," ಎಂದೆ. ಅವಳ ಮುಖ ನೋಡಿ, "ಇಂಡಿಯಾ," ಎಂದು ಸೇರಿಸಿದೆ.

ತಂದೆತಾಯಿ ಬರಲಾಗದಿದ್ದರೆ ಮಗುವನ್ನು ಕರೆದೊಯ್ಯುವವರು ಯಾರು ಎಂಬುದು ಆ ಸಾಲಿನ ಪ್ರಶ್ನೆ. ನಮ್ಮಲ್ಲಿ ಯಾವ ಫಾರಮ್ಮೇ ಆಗಲಿ, ಮನೆಯ ಹಿರಿಯರ ಹೆಸರೊಂದು ಇರಬೇಕು. ಆ ಅಭ್ಯಾಸದಲ್ಲಿ ನಾನು ಪ್ರಶ್ನೆ ಓದದೆ ಗೌರವ ಸಲ್ಲಿಸಿದ್ದೆ. ಅತ್ತೆ ವಿಮಾನ ಹಿಡಿಯಬೇಕು.

ಆಕೆ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ನೀವು ಎಮರಿವಿಲ್ಲಿನಲ್ಲಿ. ನಿಮ್ಮ ಗಂಡ ಕೊಲ್ಲಿ ಸೇತುವೆಯ ಆಚೆ. ಫ್ರೀವೇ, ಸೇತುವೆ ಎರಡೂ ಮುಚ್ಚಿದರೆ?" ಎಂದು ಕೇಳಿದಳು. ನಾನು ಲೈಸೆನ್ಸನ್ನು ಚೀಲದೊಳಗೆ ಹಾಕಿಕೊಂಡೆ.

ಎರಡನೆಯ ಗೇಟಿನ ಒಳಗೆ, ನೀಲಿ ಟಾರ್ಪಾಲಿನ ಮೇಲೆ ನಾಲ್ಕು ಮಕ್ಕಳು ಬೇರೆಯಾಗಿ ಕೂತಿದ್ದರು. ಅವರಲ್ಲೊಬ್ಬಳು ಇರಾ, ಎದೆಯ ಮೇಲೆ ಅದೇ ಹಳದಿ ಚೀಟಿ.

"ಅಮ್ಮಾ, ನಾನು ಸ್ಲೀಪ್‌ಓವರ್ ಗ್ರೂಪು! ರಾತ್ರಿ ಸ್ಕೂಲಲ್ಲೇ! ಬ್ಲ್ಯಾಂಕೆಟ್ ಕೂಡ ತೋರಿಸಿದ್ರು. ಟೀಚರ್ ಕೇಳಿದ್ರು, ಯಾರು ಬರ್ತಾರೆ ಅಂತ. ಐ ಸೆಡ್ ನೋಬಡಿ."

ಮಧ್ಯಾಹ್ನದ ಊಟಕ್ಕೆ ಏನಿತ್ತೆಂದು ಹೇಳುವ ದನಿಯಲ್ಲೇ ಹೇಳಿದಳು. ದೂರಿಲ್ಲ, ದುಃಖವಿಲ್ಲ. ಯಾರ ಹಂಗೂ ಬೇಡವೆಂದು ನಾನು ಅಚ್ಚುಕಟ್ಟಾಗಿ ಕಟ್ಟಿಕೊಂಡ ಬದುಕಿನ ಲೆಕ್ಕವನ್ನು ಆರು ವರ್ಷದ ಹುಡುಗಿ ಒಂದು ಪದದಲ್ಲಿ ಹೇಳಿ ಮುಗಿಸಿದ್ದಳು.

ಮನೆಗೆ ಬಂದು ಗಂಡನಿಗೆ ಫೋನು ಮಾಡಿದೆ. "ನಮ್ಮೋರ ವಾಟ್ಸಾಪ್ ಗ್ರೂಪಲ್ಲಿ ಕೇಳೋಣ ಬಿಡು," ಎಂದರು. ಆ ಗ್ರೂಪಿನವರೆಲ್ಲ ಬೆಟ್ಟದಾಚೆಯ ಡ್ಯಾನ್‌ವಿಲ್ಲು, ಇಲ್ಲವೇ ಅದರಾಚೆ. ಭೂಮಿ ಗಟ್ಟಿಯಾಗಿದ್ದಾಗಲೇ ತಡವಾಗಿ ಬರುವ ಜನ. ನಡೆದು ಬರಬಲ್ಲವರು ಬೇಕು, ಹಗಲು ಮನೆಯಲ್ಲಿರಬೇಕು. ಹಾಗೆ ಹುಡುಕಿದರೆ ಉಳಿದದ್ದು ಒಂದೇ ಮನೆ.

ಸಂಜೆ ಮೂರು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಕೆಳಗಿನ ಮನೆಯ ಬಾಗಿಲು ತಟ್ಟಿದೆ.

"ಬರ್ರಿ, ಬರ್ರಿ! ದಿನಾ ಬರೇ ನಗು ಕಳಸ್ತಿದ್ರಿ. ಇವತ್ತ ನೀವ ಬಂದೀರಲ್ಲ!"

ಮೂರು ವಾಕ್ಯವೂ ಮರೆತುಹೋದವು. ಹಳದಿ ಚೀಟಿಯಿಂದ ಶುರುಮಾಡಿ ಹೇಗೋ ಹೇಳಿದೆ. ಪೂರ್ತಿ ಕೇಳಿ ಅಜ್ಜಿ ಏಕವಚನಕ್ಕೆ ಇಳಿದರು.

"ಅಲ್ಲವ್ವಾ, ಕೂಸಿನ್ನ ನನ್ನ ಕೈಯಾಗ ಕೊಡಾಕ ಬಂದಿ. ನನ್ನ ಹೆಸರರ ಗೊತ್ತದನು ನಿನಗ?"

ಗೊತ್ತಿರಲಿಲ್ಲ. ಆ ದಿನದ ಎರಡನೆಯ ಆಘಾತ ಅದು.

"ಸುಶೀಲಾಬಾಯಿ ಅಂತ ಬರಕೋ. ಭೂಮಿ ನಡುಗಿದ್ರ ನಾ ಮೊದಲ ಮೇಜಿನ ಕೆಳಗ ಕೂಡಬೇಕೋ, ಶಾಲಿಗೆ ಓಡಬೇಕೋ? ನನ್ನ ಮೊಣಕಾಲು ಎರಡೂ ಒಲ್ಲೆ ಅಂತಾವ."

"ಮೊದಲು ಮೇಜಿನ ಕೆಳಗೆ, ಆಂಟಿ," ಎಂದೆ. "ಆಮೇಲೆ ನಿಧಾನವಾಗಿ ಬನ್ನಿ. ಅವಳು ಕಾಯ್ತಾಳೆ."

ಮರುದಿನ ಬೆಳಿಗ್ಗೆ ಅಜ್ಜಿ ಸೀರೆಯ ಕೆಳಗೆ ತಮ್ಮ ಮಗಳ ಶೂ ಹಾಕಿಕೊಂಡು ನಮ್ಮ ಜೊತೆ ಶಾಲೆಯವರೆಗೆ ನಡೆದರು. ನಡುವೆ ಒಂದು ಬೆಂಚಿನ ಮೇಲೆ ಕೂತರು. "ಇಲ್ಲಿ ಎರಡ ನಿಮಿಷ ಹಿಡಿತದ, ನಿಮ್ಮ ಟೀಚರ್‌ಗೆ ಹೇಳು," ಎಂದು ಇರಾಗೆ ತಾಕೀತು ಮಾಡಿದರು. ಶಾಲೆಯ ಆಫೀಸಿನಲ್ಲಿ ಹೊಸ ಕಾರ್ಡು ಕೊಟ್ಟರು. ಹೆಸರು, ಫೋನು ತುಂಬಿದೆ. ಮುಂದಿನದು, ಮಗುವಿಗೆ ಏನಾಗಬೇಕು? ಅಜ್ಜಿ ಎಂದು ಸುಳ್ಳು ಬರೆಯಲು ಕೈ ಬರಲಿಲ್ಲ. ಬರೆದದ್ದನ್ನು ಅಂಗೈಯಿಂದ ಮರೆಮಾಡಿದೆ.

ಅವರು ಕನ್ನಡಕ ಏರಿಸಿದರು. "ಏನಂತ ಬರದಿ?"

"ನೆರೆಮನೆಯವರು ಅಂತ," ಎಂದೆ, ಬೇಸರ ಮಾಡಿಕೊಂಡಾರೆಂದು ಅಳುಕುತ್ತ.

"ಬರೋಬ್ಬರಿ ಬರದಿ," ಎಂದರು ಸುಶೀಲಾಬಾಯಿ. "ಏನ ಬರದೀಯೋ ಹಂಗ ಇರಬೇಕು ಮತ್ತ. ಸಂಜೀಕ ಚಹಾಕ್ಕ ಬಾ. ತಾಲೀಮಿಲ್ಲದ ಇದೂ ಬರಂಗಿಲ್ಲ."